ಔಷಧ ವಿದ್ಯೆಯ ಬಾಗಿಲು, ಅದರ ಮೊದಲ ಮೆಟ್ಟಿಲು

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿದ್ಯಾರ್ಥಿ ಹಾಗೂ ಪೋಷಕರ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪಾಠ)



ನೂರು ವರ್ಷಗಳ ಹಬ್ಬಕ್ಕಾಗಿ ನಮ್ಮ ದೇವಾಲಯದ ಗೋಪುರಕ್ಕೆ ಹೊಸ ಬಣ್ಣ ಬಂದಿದೆ, ಅಂಗಳಕ್ಕೆ ಚಪ್ಪರ ಬಂದಿದೆ. ಈ ಸಂಭ್ರಮದ ನಡುವೆ ಉತ್ಸವ ಸಮಿತಿಯವರು ನಮ್ಮಲ್ಲಿಗೆ ಬಂದು, "ಈ ಸಂಜೆ ಪ್ರಬೋಧನೆ ಬೇಡ, ಮಕ್ಕಳ ಓದಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕು" ಎಂದು ಕೇಳಿಕೊಂಡರು. ಅದರಲ್ಲಿಯೂ ಫಾರ್ಮಸಿ ಶಿಕ್ಷಣದ ವಿಷಯವನ್ನೇ ಆರಿಸಿಕೊಳ್ಳಬೇಕೆಂದು ನಾವಾಗಿ ನಿಶ್ಚಯಿಸಿದೆವು. ಅದಕ್ಕೆ ಕಾರಣವುಂಟು. ಪ್ರತಿ ವರ್ಷವೂ ಪಿ.ಯು.ಸಿ. ಫಲಿತಾಂಶ ಪ್ರಕಟವಾದ ವಾರದಲ್ಲಿ ಗುರುನಿವಾಸದ ಜಗಲಿಯ ಮೇಲೆ ತಂದೆತಾಯಂದಿರು ಬಂದು ಕುಳಿತುಕೊಳ್ಳುತ್ತಾರೆ. "ಸ್ವಾಮಿ, ಮಗನಿಗೆ ಡಾಕ್ಟರಿಕೆ ಸಿಗಲಿಲ್ಲ, ಫಾರ್ಮಸಿಗಾದರೂ ಹಾಕೋಣವೇ?" ಎಂದು ಕೇಳುತ್ತಾರೆ. ಆ 'ಆದರೂ' ಎಂಬ ಒಂದು ಮಾತಿನ ಮೇಲೆಯೇ ನಮ್ಮ ಇಂದಿನ ಭಾಷಣವೆಲ್ಲ ನಿಂತಿದೆ.

ಮೊದಲಿಗೆ ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ ನಾವು ಬೇರೊಂದು ಧರ್ಮಕೇಂದ್ರದಲ್ಲಿ ಸೇವೆ ಮಾಡುತ್ತಿದ್ದಾಗ ವಿಧವೆಯೊಬ್ಬರ ಮಗಳು ಫಾರ್ಮಸಿ ಡಿಪ್ಲೊಮಾಕ್ಕೆ ಸೇರಲು ಹೊರಟಳು. ಚುರುಕಾದ ಹುಡುಗಿ, ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕಗಳಿದ್ದವು. ದೂರದ ಊರಿನ ಸಂಸ್ಥೆಯೊಂದರ ಮಧ್ಯವರ್ತಿ ಚೆಂದದ ಹೊತ್ತಗೆಯೊಂದನ್ನು ತಂದು ತೋರಿಸಿದ. ತಾಯಿ ಕೊರಳಿನ ಸರವನ್ನು ಮಾರಿದರು. ಉಳಿದ ಹಣಕ್ಕೆ ನಾವೇ ಇಬ್ಬರು ದಾನಿಗಳಿಗೆ ಪತ್ರ ಬರೆದುಕೊಟ್ಟೆವು. ಹುಡುಗಿ ಎರಡು ವರ್ಷ ಓದಿ ತೇರ್ಗಡೆಯಾಗಿ ಬಂದಳು. ಆದರೆ ನೋಂದಣಿಗೆಂದು ಹೋದಾಗ ಆ ಸಂಸ್ಥೆಯ ಪರೀಕ್ಷೆಗೆ ಅನುಮೋದನೆಯೇ ಇಲ್ಲವೆಂಬುದು ತಿಳಿಯಿತು. ಇಂದು ಆಕೆ ಒಂದು ಔಷಧದಂಗಡಿಯಲ್ಲಿ ಬಿಲ್ಲು ಬರೆಯುತ್ತಾಳೆ. ಔಷಧವನ್ನು ತೆಗೆದುಕೊಡುವ ಅಧಿಕಾರ ಆಕೆಗಿಲ್ಲ. ಪ್ರಮಾಣಪತ್ರ ಪೆಟ್ಟಿಗೆಯ ತಳದಲ್ಲಿದೆ. ಆ ಮಧ್ಯವರ್ತಿಯನ್ನು ನಾವು ದೂರಬಹುದು; ಆದರೆ ಒಂದೇ ಒಂದು ಪ್ರಶ್ನೆಯನ್ನು ಕೇಳದೆ ಪತ್ರಕ್ಕೆ ಸಹಿ ಹಾಕಿದ ಕೈ ನಮ್ಮದು. "ಈ ಸಂಗತಿಯನ್ನು ಎಲ್ಲಿಯಾದರೂ ಹೇಳಿ ಸ್ವಾಮಿ, ಇನ್ನೊಂದು ಮನೆಯವರು ಸರ ಮಾರದಿರಲಿ" ಎಂದು ಆ ತಾಯಿ ನಮಗೆ ಅಪ್ಪಣೆ ಕೊಟ್ಟಿದ್ದಾರೆ. ಆ ಅಪ್ಪಣೆಯನ್ನು ಇಂದು ನೆರವೇರಿಸುತ್ತಿದ್ದೇವೆ.

ಹಾಗಾದರೆ ಈ ವೃತ್ತಿಗೆ ಇಷ್ಟೊಂದು ಕಟ್ಟುಪಾಡುಗಳೇಕೆ? ಸ್ವಲ್ಪ ಹಿಂದಿನದನ್ನು ನೋಡೋಣ. ನಮ್ಮ ದೇಶದಲ್ಲಿ ಔಷಧಗಳ ಕಲಬೆರಕೆ ಮಿತಿಮೀರಿದ್ದ ಕಾಲದಲ್ಲಿ, 1930ರಲ್ಲಿ, ಕರ್ನಲ್ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೊಂದು ನೇಮಕವಾಯಿತು. ಪ್ರೊಫೆಸರ್ ಮಹಾದೇವ ಲಾಲ್ ಶ್ರಾಫ್ ಅವರು 1932ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಈ ವಿದ್ಯೆಯ ಬೋಧನೆಗೆ ಅಡಿಪಾಯ ಹಾಕಿದರು. 1948ರಲ್ಲಿ ಫಾರ್ಮಸಿ ಕಾಯಿದೆ ಬಂದಿತು. ಮರುವರ್ಷ ಭಾರತೀಯ ಫಾರ್ಮಸಿ ಪರಿಷತ್ತು ರಚನೆಯಾಯಿತು. ವೈದ್ಯರು ಬರೆದ ಚೀಟಿಯ ಮೇರೆಗೆ ಔಷಧವನ್ನು ಬೆರೆಸಿ ಸಿದ್ಧಪಡಿಸುವುದನ್ನಾಗಲಿ ವಿತರಿಸುವುದನ್ನಾಗಲಿ ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ಮಾಡಕೂಡದೆಂದು ಆ ಕಾಯಿದೆಯ 42ನೆಯ ವಿಧಿ ಹೇಳುತ್ತದೆ.

ಸೆಮಿನರಿಯಲ್ಲಿ ನಾವು ಲತೀನ್ ಭಾಷೆಯನ್ನು ಕಲಿತವರು. ವೈದ್ಯರ ಚೀಟಿಯಲ್ಲಿ 'ಟಿ.ಡಿ.ಎಸ್.' ಎಂದು ಬರೆದಿರುವುದನ್ನು ನೀವೆಲ್ಲ ಕಂಡಿದ್ದೀರಿ. ಅದು 'ತೇರ್ ದೀಎ ಸುಮೆಂದುಮ್' ಎಂಬ ಲತೀನ್ ಮಾತಿನ ಸಂಕ್ಷೇಪ. ದಿನಕ್ಕೆ ಮೂರು ಸಲ ತೆಗೆದುಕೊಳ್ಳತಕ್ಕದ್ದು ಎಂದು ಅರ್ಥ. ಆ ಮೂರಕ್ಷರಗಳನ್ನು ತಪ್ಪಾಗಿ ಓದಿದರೆ ರೋಗಿಯ ಗತಿಯೇನು? ವೈದ್ಯರ ಕೈಯಿಂದ ತಪ್ಪಿದ್ದನ್ನು ಕಂಡು, ತಡೆದು, ಫೋನಿನಲ್ಲಿ ವಿಚಾರಿಸಿ ತಿದ್ದುವ ಕೊನೆಯ ಕಣ್ಣು ಔಷಧಿಕಾರನದು. ಇಂತಹ ಕೆಲಸವನ್ನು 'ಫಾರ್ಮಸಿಗಾದರೂ' ಎಂದು ಕರೆಯುವುದು ಸರಿಯೇ? ವೈದ್ಯಕೀಯದ ಬಾಗಿಲು ಮುಚ್ಚಿದಾಗ ತಟ್ಟುವ ಹಿಂಬಾಗಿಲಲ್ಲ ಇದು. ತನ್ನದೇ ಆದ ಮೆಟ್ಟಿಲುಗಳುಳ್ಳ ಮುಂಬಾಗಿಲು.

ಆ ಮೆಟ್ಟಿಲುಗಳ ವಿಚಾರಕ್ಕೆ ಈಗ ಬರೋಣ.

ಮೊದಲ ಮೆಟ್ಟಿಲು ಪಿ.ಯು.ಸಿ. ಮುಗಿದ ಮೇಲಲ್ಲ, ಎಸ್.ಎಸ್.ಎಲ್.ಸಿ. ಮುಗಿದ ತಿಂಗಳಲ್ಲಿದೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಇರಲೇಬೇಕು. ಅವುಗಳೊಡನೆ ಗಣಿತವಾಗಲಿ ಜೀವಶಾಸ್ತ್ರವಾಗಲಿ ಇರಬೇಕು. ವಾಣಿಜ್ಯವನ್ನೋ ಕಲಾ ವಿಭಾಗವನ್ನೋ ಓದಿದವರು ಆಮೇಲೆ ಎಷ್ಟೇ ಹಂಬಲಿಸಿದರೂ ಡಿಪ್ಲೊಮಾಕ್ಕೂ ಪ್ರವೇಶವಿಲ್ಲ. ಜೀವಶಾಸ್ತ್ರವನ್ನು ಓದಲಿಲ್ಲವೆಂದು ಎದೆಗುಂದಬೇಕಾಗಿಲ್ಲ. ಬಿ.ಫಾರ್ಮ. ಮೊದಲ ಸೆಮಿಸ್ಟರಿನಲ್ಲಿಯೇ ಜೀವಶಾಸ್ತ್ರವಿಲ್ಲದೆ ಬಂದವರಿಗೆ ಪೂರಕ ಜೀವಶಾಸ್ತ್ರವನ್ನೂ, ಗಣಿತವಿಲ್ಲದೆ ಬಂದವರಿಗೆ ಪೂರಕ ಗಣಿತವನ್ನೂ ಕಲಿಸುತ್ತಾರೆ. ಆದರೂ ಸಾಮರ್ಥ್ಯವುಳ್ಳ ಮಕ್ಕಳು ನಾಲ್ಕೂ ವಿಷಯಗಳನ್ನು ಓದಿದರೆ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಔಷಧದ ಪ್ರಮಾಣವನ್ನು ಲೆಕ್ಕ ಹಾಕುವುದಕ್ಕೆ ಗಣಿತ ಬೇಕು. ಅದು ದೇಹದಲ್ಲಿ ಮಾಡುವ ಕೆಲಸವನ್ನು ಅರಿಯುವುದಕ್ಕೆ ಜೀವಶಾಸ್ತ್ರ ಬೇಕು. ರಸಾಯನಶಾಸ್ತ್ರವಂತೂ ಈ ವಿದ್ಯೆಯ ಬೆನ್ನೆಲುಬು. ಅದನ್ನು ಬಾಯಿಪಾಠ ಮಾಡಿ ದಾಟಿದವರು ಮೊದಲ ವರ್ಷದಲ್ಲಿಯೇ ಮುಗ್ಗರಿಸುತ್ತಾರೆ. ಸೆಮಿನರಿಯಲ್ಲಿ ತತ್ತ್ವಶಾಸ್ತ್ರವನ್ನು ಮುಗಿಸದೆ ದೈವಶಾಸ್ತ್ರದ ತರಗತಿಗೆ ನಮ್ಮನ್ನು ಬಿಡುತ್ತಿರಲಿಲ್ಲ. ಆಗ ಅದು ವ್ಯರ್ಥ ಕಾಲಹರಣವೆಂದು ಗೊಣಗಿದ್ದೆವು. ಅಡಿಪಾಯದ ಬೆಲೆ ಗೊತ್ತಾದದ್ದು ಗೋಡೆ ಏಳತೊಡಗಿದ ಮೇಲೆಯೇ.

ಎರಡನೆಯ ಮೆಟ್ಟಿಲು, ಮೂರು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು. ಡಿ.ಫಾರ್ಮ. ಎಂಬುದು ಎರಡು ವರ್ಷದ ಡಿಪ್ಲೊಮಾ. ಓದಿನ ತರುವಾಯ ಕನಿಷ್ಠ ಮೂರು ತಿಂಗಳಲ್ಲಿ 500 ಗಂಟೆಗಳ ಪ್ರಾಯೋಗಿಕ ತರಬೇತಿಯುಂಟು. ಬೇಗನೆ ದುಡಿಯಬೇಕಾದ ಮನೆಯ ಮಕ್ಕಳಿಗೆ ಇದು ಗೌರವದ ದಾರಿ. ಆದರೆ 2022ರ ನಿಯಮಾವಳಿಯು ಡಿಪ್ಲೊಮಾದವರಿಗೆ ನಿರ್ಗಮನ ಪರೀಕ್ಷೆಯೊಂದನ್ನು ವಿಧಿಸಿದೆ. ಅದು ಮೊದಲ ಬಾರಿಗೆ ನಡೆದದ್ದು 2024ರ ಅಕ್ಟೋಬರಿನಲ್ಲಿ. ಕಾಲೇಜಿನ ಪರೀಕ್ಷೆ ಮುಗಿದೊಡನೆ ಪುಸ್ತಕಗಳನ್ನು ಕಟ್ಟಿಡಬಾರದು. ಬಿ.ಫಾರ್ಮ. ನಾಲ್ಕು ವರ್ಷದ ಪದವಿ. ಔಷಧ ತಯಾರಿಕೆಯ ಕಾರ್ಖಾನೆಗಳು, ಗುಣಪರೀಕ್ಷೆಯ ಪ್ರಯೋಗಾಲಯಗಳು, ಸರ್ಕಾರದ ಔಷಧ ಪರಿವೀಕ್ಷಕರ ಹುದ್ದೆ, ಎಂ.ಫಾರ್ಮ. ಹಾಗೂ ಸಂಶೋಧನೆ ಇವೆಲ್ಲಕ್ಕೂ ಈ ಪದವಿಯಿಂದ ದಾರಿಯಿದೆ. ಡಿಪ್ಲೊಮಾ ಮುಗಿಸಿದವರು ನೇರವಾಗಿ ಬಿ.ಫಾರ್ಮ. ಎರಡನೆಯ ವರ್ಷಕ್ಕೆ ಸೇರಬಹುದಾಗಿದೆ; ಆದ್ದರಿಂದ ಬಡತನದ ಕಾರಣ ಚಿಕ್ಕ ದಾರಿ ಹಿಡಿದವನಿಗೆ ದೊಡ್ಡ ದಾರಿ ಶಾಶ್ವತವಾಗಿ ಮುಚ್ಚಿಹೋಗುವುದಿಲ್ಲ. ಮೂರನೆಯದು 2008ರಲ್ಲಿ ಆರಂಭವಾದ ಫಾರ್ಮ.ಡಿ. ಎಂಬ ಆರು ವರ್ಷದ ಪಾಠಕ್ರಮ. ಅದರಲ್ಲಿ ಐದು ವರ್ಷ ಓದು, ಆರನೆಯ ವರ್ಷ ಆಸ್ಪತ್ರೆಯ ಸೇವಾತರಬೇತಿ. ರೋಗಿಯ ಹಾಸಿಗೆಯ ಬಳಿಯಲ್ಲಿ ನಿಂತು, ಆತನಿಗೆ ಕೊಡುತ್ತಿರುವ ಔಷಧಗಳು ಪರಸ್ಪರ ಹೊಂದುವುವೇ ಇಲ್ಲವೇ ಎಂದು ಪರಿಶೀಲಿಸುವ ವಿದ್ಯೆ ಅದು. ಆರು ವರ್ಷದ ಶುಲ್ಕವನ್ನೂ ವಸತಿಯ ವೆಚ್ಚವನ್ನೂ ಕೂಡಿಸಿ ಕಾಗದದ ಮೇಲೆ ಬರೆದ ನಂತರವೇ ಆ ದಾರಿಯನ್ನು ಹಿಡಿಯಿರಿ. ಮೊದಲ ವರ್ಷದ ಹಣ ಒದಗಿತೆಂದು ಸೇರಿ, ಮೂರನೆಯ ವರ್ಷದಲ್ಲಿ ಬಿಟ್ಟುಬಂದವರನ್ನು ನಾವು ಕಂಡಿದ್ದೇವೆ.

ಪದವಿ ಮತ್ತು ಫಾರ್ಮ.ಡಿ. ಪಾಠಕ್ರಮಗಳ ಸರ್ಕಾರಿ ಪಾಲಿನ ಸೀಟುಗಳಿಗೆ ನಮ್ಮ ರಾಜ್ಯದಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು. ವೈದ್ಯಕೀಯದ 'ನೀಟ್' ಪರೀಕ್ಷೆಯಲ್ಲಿ ಹಿಂದೆ ಬಿದ್ದವರಿಗೂ ಇದರಲ್ಲಿ ಅವಕಾಶವಿದೆ. ಆದರೆ ಅರ್ಜಿಯನ್ನು ಕಾಲಕ್ಕೆ ಸರಿಯಾಗಿ ಸಲ್ಲಿಸಿರಬೇಕು. ಜಾತಿ ಹಾಗೂ ಆದಾಯದ ಪ್ರಮಾಣಪತ್ರಗಳು, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪತ್ರಗಳು ಇವನ್ನು ಕೊನೆಯ ದಿನ ಹುಡುಕಹೊರಟರೆ ದೊರೆಯುವುದಿಲ್ಲ. ಕ್ರಿಸ್ಮಸ್ ರಜೆಯಲ್ಲಿಯೇ ಸಿದ್ಧಪಡಿಸಿ ಒಂದು ಕಡತದಲ್ಲಿ ಇಟ್ಟುಕೊಳ್ಳಿರಿ.

ಮೂರನೆಯ ಮೆಟ್ಟಿಲೇ ಆ ವಿಧವೆಯ ಮಗಳು ಎಡವಿದ್ದು. ಕಾಯಿದೆಯ 12ನೆಯ ವಿಧಿಯ ಮೇರೆಗೆ ಪಾಠಕ್ರಮಕ್ಕೂ ಪರೀಕ್ಷೆಗೂ ಭಾರತೀಯ ಫಾರ್ಮಸಿ ಪರಿಷತ್ತಿನ ಅನುಮೋದನೆ ಇದ್ದರೆ ಮಾತ್ರ ನೋಂದಣಿಯ ಹಕ್ಕು ಬರುತ್ತದೆ. ಹೊಸ ಸಂಸ್ಥೆಗೆ ಪಾಠಕ್ರಮವನ್ನು ನಡೆಸಲು ಅನುಮತಿ ದೊರೆತಿರುವುದು ಒಂದು ಮಾತು, 12ನೆಯ ವಿಧಿಯ ಅನುಮೋದನೆ ದೊರೆತಿರುವುದು ಇನ್ನೊಂದು ಮಾತು. ಎರಡನ್ನೂ ಬೇರೆ ಬೇರೆಯಾಗಿ ಕೇಳಿರಿ. ಸಂಸ್ಥೆಯ ಹೊತ್ತಗೆಯನ್ನು ನಂಬಬೇಡಿ. ಪರಿಷತ್ತು ತಾನೇ ಪ್ರಕಟಿಸುವ ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರು, ಆ ಪಾಠಕ್ರಮ, ಆ ವರ್ಷ ಈ ಮೂರೂ ಇವೆಯೇ ಎಂದು ನೋಡಿರಿ. ಪಟ್ಟಿ ಅರ್ಥವಾಗದಿದ್ದರೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನ ಕಚೇರಿಯಲ್ಲಿ ವಿಚಾರಿಸಿರಿ. ಬಸ್ಸಿನ ಖರ್ಚು ಒಂದು ದಿನದ್ದು. ಅನುಮೋದನೆಯಿಲ್ಲದ ಪ್ರಮಾಣಪತ್ರದ ಖರ್ಚು ಜೀವಮಾನದ್ದು.

ಹೊರದೇಶಕ್ಕೆ ಹೋಗಬೇಕೆಂಬ ಆಸೆಯುಳ್ಳವರಿಗೂ ಎರಡು ಮಾತು. ಅಮೆರಿಕದಲ್ಲಿ ಈ ವಿದ್ಯೆಯ ಕ್ರಮವೇ ಬೇರೆ. ಅಲ್ಲಿ ಹುಟ್ಟಿ ಬೆಳೆದ ನಮ್ಮ ಬಂಧುಗಳ ಮಕ್ಕಳು ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ, ಅನೇಕರು ನಾಲ್ಕು ವರ್ಷ, ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸಂಖ್ಯಾಶಾಸ್ತ್ರ ಮುಂತಾದವನ್ನು ಓದಿ, ಆ ಬಳಿಕ ಫಾರ್ಮ.ಡಿ. ಶಾಲೆಗೆ ಅರ್ಜಿ ಹಾಕುತ್ತಾರೆ. ಅಲ್ಲಿ ದೀರ್ಘಕಾಲ ನಡೆದುಬಂದ 'ಪಿಕ್ಯಾಟ್' ಎಂಬ ಪ್ರವೇಶ ಪರೀಕ್ಷೆ 2024ರ ಜನವರಿಗೆ ನಿಂತುಹೋಯಿತು. ಈಗ ಕಾಲೇಜಿನ ಅಂಕಗಳಿಗೂ, ಔಷಧಾಲಯದಲ್ಲಿ ಪಡೆದ ಅನುಭವಕ್ಕೂ, ಅಧ್ಯಾಪಕರ ಪತ್ರಗಳಿಗೂ ಹೆಚ್ಚಿನ ತೂಕ. ನಮ್ಮಲ್ಲಿ ಓದಿ ಅಲ್ಲಿಗೆ ಹೋಗಬಯಸುವವರು ಇನ್ನೊಂದು ಸಂಗತಿಯನ್ನು ಇಂದೇ ತಿಳಿದಿರಲಿ. 2003ರ ಜನವರಿ 1ರಿಂದೀಚೆಗೆ ಪದವಿ ಪಡೆದ ವಿದೇಶೀಯರು ಅಲ್ಲಿನ ಅರ್ಹತಾ ಪರೀಕ್ಷೆಗೆ ಕೂರಬೇಕಾದರೆ ಕನಿಷ್ಠ ಐದು ವರ್ಷದ ಫಾರ್ಮಸಿ ಪಾಠಕ್ರಮವನ್ನು ಓದಿರಬೇಕು. ನಾಲ್ಕು ವರ್ಷದ ಬಿ.ಫಾರ್ಮ. ಒಂದೇ ಅದಕ್ಕೆ ಸಾಲದು, ಫಾರ್ಮ.ಡಿ. ಬೇಕಾಗುತ್ತದೆ. ಹದಿನೆಂಟನೆಯ ವಯಸ್ಸಿನಲ್ಲಿ ಈ ಒಂದು ವಾಕ್ಯವನ್ನು ಅರಿತವನು ಇಪ್ಪತ್ತಮೂರರಲ್ಲಿ ಕಣ್ಣೀರಿಡುವುದಿಲ್ಲ.

ತಂದೆತಾಯಂದಿರೇ, ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮಲ್ಲಿ ಒಂದು ಬಿನ್ನಹ. ಮಗು ಈ ಕೆಲಸಕ್ಕೆ ಒಗ್ಗುವುದೇ ಎಂದು ಹಣ ಕಟ್ಟುವ ಮೊದಲೇ ನೋಡಿರಿ. ರಜೆಯಲ್ಲಿ ಪರಿಚಯದ ಔಷಧದಂಗಡಿಯಲ್ಲಿ ನಾಲ್ಕು ದಿನ ಕುಳಿತು ಬರಲಿ. ಔಷಧವನ್ನು ಮುಟ್ಟುವುದಕ್ಕಲ್ಲ, ನೋಡುವುದಕ್ಕೆ. ಸಂಜೆಯ ಗದ್ದಲದಲ್ಲಿಯೂ ಚೀಟಿಯನ್ನು ಎರಡು ಬಾರಿ ಓದುವ ತಾಳ್ಮೆ, ಒಂದೇ ಬಗೆಯ ಹೆಸರುಳ್ಳ ಎರಡು ಮಾತ್ರೆಗಳ ನಡುವೆ ಭೇದ ಕಾಣುವ ಎಚ್ಚರ, ಅಕ್ಷರ ಬಾರದ ಮುದುಕಿಗೆ ಬೇಸರವಿಲ್ಲದೆ ಮೂರು ಸಲ ವಿವರಿಸುವ ಮನಸ್ಸು ಇವು ಆ ಮಗುವಿನಲ್ಲಿ ಉಂಟೇ? ಉಂಟಾದರೆ ಅಂಕ ಸ್ವಲ್ಪ ಕಡಿಮೆಯಿದ್ದರೂ ಆ ಮಗುವಿಗೆ ಬೆನ್ನುಕೊಟ್ಟು ನಿಲ್ಲಿರಿ. ಇಲ್ಲದಿದ್ದರೆ ಎಷ್ಟೇ ಅಂಕಗಳಿದ್ದರೂ ಬೇರೆ ವಿದ್ಯೆಯನ್ನು ಹುಡುಕಿರಿ. ಅದರಲ್ಲಿ ಅವಮಾನವೇನೂ ಇಲ್ಲ.

ಮಂಗಳೂರಿನ ಕಂಕನಾಡಿಯ ದೊಡ್ಡ ಆಸ್ಪತ್ರೆಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. 1880ರಲ್ಲಿ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ ಅವರು ಬಡವರಿಗಾಗಿ ತೆರೆದ ಪುಟ್ಟ ಹೋಮಿಯೋಪಥಿ ಔಷಧಾಲಯ ಅದರ ಬೇರು. ಹೋಮಿಯೋಪಥಿ ಬೇರೆಯೇ ಪದ್ಧತಿ. ಅದರ ಓದು ಬೇರೆ, ಕಾಯಿದೆ ಬೇರೆ. ನಾವು ಹೇಳಬೇಕಾದದ್ದು ಇಷ್ಟೇ: ಅಷ್ಟು ದೊಡ್ಡ ಆಸ್ಪತ್ರೆಯ ಮೊದಲ ದಿನ ಅಲ್ಲಿದ್ದದ್ದು ಔಷಧವನ್ನು ಅಳೆದು ಕೊಡುವ ಒಂದು ಜೊತೆ ಕೈಗಳು.

ಕೊನೆಯದಾಗಿ, ಈ ಶತಮಾನೋತ್ಸವದ ವರ್ಷದಲ್ಲಿ ನಾವು ಮಾಡಿಕೊಂಡಿರುವ ನಿರ್ಧಾರವನ್ನು ತಿಳಿಸುತ್ತೇವೆ. ಇನ್ನು ಮುಂದೆ ಯಾವ ವಿದ್ಯಾರ್ಥಿಯೇ ಆಗಲಿ ಶಿಫಾರಸು ಪತ್ರಕ್ಕಾಗಿ ಬಂದರೆ ಮೂರು ಪ್ರಶ್ನೆಗಳನ್ನು ಕೇಳುತ್ತೇವೆ. ಸಂಸ್ಥೆಯ ಅನುಮೋದನೆಯನ್ನು ಪರಿಷತ್ತಿನ ಪಟ್ಟಿಯಲ್ಲಿ ನೋಡಿದ್ದೀಯಾ? ಕೊನೆಯ ವರ್ಷದವರೆಗಿನ ಖರ್ಚನ್ನು ಬರೆದಿದ್ದೀಯಾ? ಈ ವಿದ್ಯೆ ನಿನ್ನ ಆಯ್ಕೆಯೋ, ಇಲ್ಲವೇ ಬೇರೇನೂ ಸಿಗದ್ದಕ್ಕೆ ಹಿಡಿದದ್ದೋ? ಉತ್ತರ ದೊರೆಯುವ ತನಕ ನಮ್ಮ ಲೇಖನಿ ಏಳುವುದಿಲ್ಲ. ನಮ್ಮನ್ನು ಕಠಿಣರೆಂದು ತಿಳಿಯಬೇಡಿ. ಒಂದು ಸಲ ಸುಲಭವಾಗಿ ಸಹಿ ಹಾಕಿದ್ದರ ಭಾರವನ್ನು ನಾವಿನ್ನೂ ಹೊರುತ್ತಿದ್ದೇವೆ.

ದೇವರು ನಿಮ್ಮ ಮಕ್ಕಳ ಕೈಗಳನ್ನು ಹರಸಲಿ.