ಆಸ್ಪತ್ರೆಯ ಲೆಕ್ಕವನ್ನೂ ನಾವೇ ಕೇಳೋಣ

(ನಾಯಕನಹಟ್ಟಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ ಬಿಟ್ಟು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಇಷ್ಟು ಜನ ಬಂದು ಕೂತಿದ್ದೀರಿ. ನಿಮ್ಮ ಒಂದು ದಿನದ ಬೆಲೆ ನನಗೆ ಗೊತ್ತು. ಅದಕ್ಕೆ ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ.

ವರದಕ್ಷಿಣೆ ಕೆಟ್ಟದ್ದು, ಹೆಂಡತಿಯನ್ನು ಹೊಡೆಯುವುದು ತಪ್ಪು ಎಂದು ಹೇಳಲು ನಾನು ಬಂದಿಲ್ಲ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಕೇಳಲು ಬಂದಿರುವುದು ಒಂದೇ ಪ್ರಶ್ನೆ. ಈ ರಾತ್ರಿ ಹನ್ನೊಂದು ಗಂಟೆಗೆ ನಿಮ್ಮ ಓಣಿಯ ಒಂದು ಮನೆಯಲ್ಲಿ ಒಬ್ಬ ಹೆಣ್ಣುಮಗಳ ಮೈಗೆ ಬೆಂಕಿ ಬಿದ್ದರೆ, ಅವಳನ್ನು ಉಳಿಸಲು ಇಲ್ಲಿ ಏನೇನು ಸಿದ್ಧವಾಗಿದೆ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಬಹಳ ವರ್ಷಗಳ ಹಿಂದೆ. ಊರಿನ ಹೆಸರು ಬೇಡ, ಆಸ್ಪತ್ರೆಗಳ ಹೆಸರೂ ಬೇಡ. ನಮ್ಮ ಪಕ್ಕದ ಮನೆಯ ಸೊಸೆ. ಮದುವೆಯಾಗಿ ಮೂರು ವರ್ಷ. ಬೈಕಿನ ದುಡ್ಡು ತಂದಿಲ್ಲ ಎಂದು ದಿನಾ ಜಗಳ. ಒಂದು ರಾತ್ರಿ ಕೂಗು ಕೇಳಿ ಓಡಿಹೋದೆವು. ಕಂಬಳಿ ಸುತ್ತಿ ಹೊರಗೆ ತಂದೆವು. ಜೀಪಿನವನು ಡೀಸೆಲ್‌ಗೆ ಮೊದಲು ದುಡ್ಡು ಕೊಡಿ ಎಂದ. ಮೊದಲನೇ ಆಸ್ಪತ್ರೆಯಲ್ಲಿ ಡಾಕ್ಟರು ಇರಲಿಲ್ಲ. ಎರಡನೆಯದರಲ್ಲಿ, ಇದು ಪೊಲೀಸ್ ಕೇಸು, ಠಾಣೆಯಿಂದ ಚೀಟಿ ತನ್ನಿ ಎಂದರು. ಮೂರನೇ ಆಸ್ಪತ್ರೆಗೆ ಮುಟ್ಟುವಾಗ ಐದು ಗಂಟೆ ಕಳೆದಿತ್ತು. ದಾರಿಯುದ್ದಕ್ಕೂ ಅವಳ ತಲೆದೆಸೆಯಲ್ಲಿ ಕೂತಿದ್ದವಳು ಅವಳ ಅತ್ತೆ. ಅತ್ತೆಯ ತೊಡೆಯ ಮೇಲೆ ಅವಳ ಮಗು. ಪೊಲೀಸರು ಬಂದು ಏನಾಯಿತಮ್ಮ ಎಂದು ಕೇಳಿದಾಗ ಅವಳು ಮಗುವಿನ ಕಡೆ ನೋಡಿದಳು. ಸ್ಟೌವ್ ಸಿಡಿಯಿತು ಎಂದಳು. ಮೂರನೇ ದಿನ ಹೋದಳು. ಕಡತ ಅಲ್ಲಿಗೇ ಮುಗಿಯಿತು.

ಅವಳ ಮೈಗೆ ಬೆಂಕಿ ಬಿದ್ದದ್ದು ಆ ಮನೆಯಲ್ಲಿ. ಆದರೆ ಆ ಐದು ಗಂಟೆ ಯಾರದು? ಗಾಡಿ ಇಲ್ಲದ್ದು, ಡಾಕ್ಟರು ಇಲ್ಲದ್ದು, ಚೀಟಿ ಕೇಳಿದ್ದು, ಅತ್ತೆಯನ್ನು ಹೊರಗೆ ಕಳಿಸದೆ ಹೇಳಿಕೆ ಬರೆದುಕೊಂಡದ್ದು, ಇವು ಯಾರ ತಪ್ಪು? ನಾವು ಗಂಡನ ಮನೆಯವರನ್ನು ಶಪಿಸಿ ಸುಮ್ಮನಾದೆವು. ಆ ಐದು ಗಂಟೆಯ ಲೆಕ್ಕವನ್ನು ಯಾರೂ ಕೇಳಲಿಲ್ಲ.

ಬೆಂಗಳೂರಿನಲ್ಲಿ ಕೇಳಿದವರು ಇದ್ದಾರೆ. 1979ರಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯ ಹೆಂಗಸರು 1990ರ ದಶಕದ ಕೊನೆಯಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಹಾಸಿಗೆಗಳ ಪಕ್ಕ ಕೂತರು. ಪೊಲೀಸರ ಕಾಗದದಲ್ಲಿ 'ಸ್ಟೌವ್ ಆಕಸ್ಮಿಕ' ಎಂದು ಮುಚ್ಚಿಹೋಗುತ್ತಿದ್ದ ಸಾವುಗಳ ಹಿಂದೆ ಏನಿದೆ ಎಂದು ಕೆದಕಿದರು. ಸ್ಟೌವು ಸೊಸೆಯರ ಕೈಯಲ್ಲೇ ಯಾಕೆ ಸಿಡಿಯುತ್ತದೆ, ಅತ್ತೆಯ ಕೈಯಲ್ಲಿ ಯಾಕಿಲ್ಲ ಎಂದು ಕೇಳಿದರು. ಈಗ ಸೀಮೆಎಣ್ಣೆ ಕಡಿಮೆಯಾಗಿದೆ. ಸ್ಟೌವಿನ ಜಾಗಕ್ಕೆ ಗ್ಯಾಸ್ ಬಂದಿದೆ, ಹೊಲಕ್ಕೆ ಹೊಡೆಯುವ ಔಷಧಿ ಬಂದಿದೆ. ಸಾವು ನಿಂತಿಲ್ಲ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ವರದಕ್ಷಿಣೆ ಸಾವು ಎಂದು ದಾಖಲಾದದ್ದೇ ಆರು ಸಾವಿರಕ್ಕೂ ಹೆಚ್ಚು. ದಾಖಲಾಗದವರ ಲೆಕ್ಕ ಬೇರೆ.

ಈಗ ಒಂದು ಲೆಕ್ಕ ಹೇಳುತ್ತೇನೆ. ನೀವೆಲ್ಲ ಲೆಕ್ಕದಲ್ಲಿ ಗಟ್ಟಿ. ಮೈ ಸುಟ್ಟಾಗ ದೇಹದ ನೀರು ಸೋರಿಹೋಗುತ್ತದೆ. ಮೊದಲ ದಿನ ಜೀವ ತೆಗೆಯುವುದು ಬಹಳ ಸಲ ಇದೇ. ಸುಟ್ಟವಳ ಅಂಗೈ, ಬೆರಳು ಸೇರಿ, ಅವಳ ಮೈಯ ನೂರರಲ್ಲಿ ಒಂದು ಪಾಲು. ಡಾಕ್ಟರುಗಳು ಹಾಕುವ ಸಾಮಾನ್ಯ ಲೆಕ್ಕ ಹೀಗಿದೆ: ತೂಕ ಎಷ್ಟು ಕಿಲೋ, ನೂರಕ್ಕೆ ಎಷ್ಟು ಪಾಲು ಸುಟ್ಟಿದೆ, ಇವೆರಡನ್ನೂ ಗುಣಿಸಿ ಮತ್ತೆ ನಾಲ್ಕರಿಂದ ಗುಣಿಸಿದರೆ ಅಷ್ಟು ಮಿಲಿಲೀಟರ್ ಡ್ರಿಪ್ ಮೊದಲ 24 ಗಂಟೆಗೆ ಬೇಕು. 50 ಕಿಲೋ ತೂಕದ ಹೆಂಗಸಿಗೆ ನೂರಕ್ಕೆ 40 ಪಾಲು ಸುಟ್ಟಿದ್ದರೆ 8 ಲೀಟರ್. ಅದರಲ್ಲಿ ಅರ್ಧ, ಅಂದರೆ 4 ಲೀಟರ್, ಮೊದಲ 8 ಗಂಟೆಯಲ್ಲೇ ಹೋಗಬೇಕು. ಅರ್ಧ ಲೀಟರಿನ ಬಾಟಲಿ ಎಂಟು. ಈ 8 ಗಂಟೆ ಶುರುವಾಗುವುದು ಆಸ್ಪತ್ರೆ ಮುಟ್ಟಿದಾಗಿನಿಂದ ಅಲ್ಲ, ಬೆಂಕಿ ಬಿದ್ದ ಗಳಿಗೆಯಿಂದ. ಐದು ಗಂಟೆ ದಾರಿಯಲ್ಲಿ ಹೋದರೆ ಉಳಿದದ್ದು ಎಷ್ಟು, ನೀವೇ ಹೇಳಿ.

ಆದ್ದರಿಂದ ನಮ್ಮ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ದೊಡ್ಡ ಸುಟ್ಟಗಾಯದ ವಾರ್ಡು ಇರಬೇಕು ಎಂದು ನಾನು ಕೇಳುತ್ತಿಲ್ಲ. ರಾತ್ರಿ ಒಬ್ಬ ಡಾಕ್ಟರು ಅಥವಾ ನರ್ಸು, ಎಂಟು ಬಾಟಲಿ ಡ್ರಿಪ್, ಅದನ್ನು ಹಾಕುವ ಸೂಜಿ, ಆಮ್ಲಜನಕದ ಸಿಲಿಂಡರು, ನೋವಿನ ಔಷಧಿ, ವಿಷ ಕುಡಿದವರಿಗೆ ಬೇಕಾಗುವ ಅಟ್ರೋಪಿನ್ ಚುಚ್ಚುಮದ್ದು, ಮುಂದಕ್ಕೆ ಕಳಿಸಲು ಗಾಡಿ. ಇಷ್ಟಿದ್ದರೆ ಜೀವ ಹಿಡಿದು ನಿಲ್ಲಿಸಿ ಚಿತ್ರದುರ್ಗಕ್ಕೆ ಕಳಿಸಬಹುದು. ಇಷ್ಟು ಇದೆಯೇ? ಯಾರಾದರೂ ಹೋಗಿ ನೋಡಿದ್ದೀರಾ?

ಗಾಡಿಯ ಮಾತಿಗೆ ಬರೋಣ. 108 ಆಂಬ್ಯುಲೆನ್ಸ್ ನಮ್ಮ ರಾಜ್ಯದಲ್ಲಿ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಶುರುವಾಯಿತು. ಎಷ್ಟೋ ಬಾಣಂತಿಯರ ಜೀವ ಉಳಿಸಿದೆ. ಅದನ್ನು ಮರೆಯಬಾರದು. ಆದರೆ ಸರ್ಕಾರದ ಅಳತೆ ಏನು ಗೊತ್ತೇ? ಒಂದು ಲಕ್ಷ ಜನಕ್ಕೆ ಒಂದು ಸಾಮಾನ್ಯ ಆಂಬ್ಯುಲೆನ್ಸು, ಐದು ಲಕ್ಷ ಜನಕ್ಕೆ ಹೆಚ್ಚಿನ ಉಪಕರಣ ಇರುವ ಒಂದು ಆಂಬ್ಯುಲೆನ್ಸು. ಇದು ತಲೆ ಎಣಿಸುವ ಅಳತೆ. ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ತಲೆ ಕಡಿಮೆ, ದಾರಿ ಉದ್ದ. ಹಟ್ಟಿಯಿಂದ ಹಟ್ಟಿಗೆ ಬಯಲು. ಗೊಲ್ಲರಹಟ್ಟಿಯ ಕೊನೆ ಮನೆಗೆ ಗಾಡಿ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂಬುದೇ ನಮ್ಮ ಅಳತೆ ಆಗಬೇಕು.

ಗಾಡಿ ಇದ್ದರೂ ಅದನ್ನು ಓಡಿಸುವವರು ಬೇಕು. 108ರ ಸಿಬ್ಬಂದಿ ಸಂಬಳ ಬಂದಿಲ್ಲವೆಂದು ಮತ್ತೆ ಮತ್ತೆ ಬೀದಿಗೆ ಇಳಿದದ್ದನ್ನು ನೋಡಿದ್ದೇವೆ. 2022ರ ಸೆಪ್ಟೆಂಬರಿನಲ್ಲಿ ಕರೆ ಕೇಂದ್ರದ ಯಂತ್ರವೇ ಕೆಟ್ಟು ರಾಜ್ಯದಲ್ಲೆಲ್ಲ ತೊಂದರೆಯಾಯಿತು. 'ಮಾಡಿದಷ್ಟು ನೀಡು ಭಿಕ್ಷೆ' ಎಂದ ತಿಪ್ಪೇರುದ್ರಸ್ವಾಮಿಯ ಊರು ಇದು. ದುಡಿದವನಿಗೆ ದುಡಿದಷ್ಟು ಕೊಡು ಎಂಬ ಮಾತನ್ನು ನಾವು ಎಲ್ಲರಿಗಿಂತ ಮೊದಲು ಹೇಳಬೇಕು. ರಾತ್ರಿಯೆಲ್ಲ ಗಾಡಿ ಓಡಿಸುವವನ ಮನೆಯಲ್ಲಿ ಒಲೆ ಉರಿಯದಿದ್ದರೆ, ನಾಳೆ ನಮ್ಮ ಕರೆಗೆ ಯಾರು ಬರುತ್ತಾರೆ?

ಇನ್ನು ಚೀಟಿಯ ಮಾತು. 'ಮೊದಲು ಪೊಲೀಸ್ ಠಾಣೆಗೆ ಹೋಗಿ ಬನ್ನಿ' ಎಂದು ಯಾವ ಆಸ್ಪತ್ರೆಯೂ ಹೇಳುವಂತಿಲ್ಲ. ಜೀವ ಉಳಿಸುವುದು ಮೊದಲು, ಕಾಗದ ಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಸರ್ಕಾರಿ ಡಾಕ್ಟರಿಗೂ ಖಾಸಗಿ ಡಾಕ್ಟರಿಗೂ ಅದು ಅನ್ವಯ. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯವರ ಕೆಲಸ, ನಮ್ಮನ್ನು ಓಡಾಡಿಸುವುದಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಯ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ದೂರು ಬರೆದಿಲ್ಲ ಎಂಬ ಕಾರಣಕ್ಕೆ ಏಟು ತಿಂದ ಹೆಂಗಸಿಗೆ ಚಿಕಿತ್ಸೆ ನಿರಾಕರಿಸಬಾರದು ಎಂದು ಅದರ ನಿಯಮದಲ್ಲೇ ಇದೆ. ಆಸಿಡ್ ದಾಳಿ, ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕೆಂಬುದು ಕಾನೂನು.

ಹೇಳಿಕೆಯ ವಿಷಯ ಗಟ್ಟಿಯಾಗಿ ನೆನಪಿಡಿ. ಸಾಯುವ ಮುನ್ನ ತನ್ನ ಸಾವಿಗೆ ಏನು ಕಾರಣ ಎಂದು ಹೆಣ್ಣುಮಗಳು ಹೇಳಿದ ಮಾತು ನ್ಯಾಯಾಲಯದಲ್ಲಿ ಸಾಕ್ಷ್ಯ. ಮ್ಯಾಜಿಸ್ಟ್ರೇಟರು ಬಂದು ಬರೆದುಕೊಂಡರೆ ಒಳ್ಳೆಯದು. ಅವರು ಬರುವ ತನಕ ಉಸಿರು ನಿಲ್ಲುವುದಿಲ್ಲ ಎನ್ನುವ ಭರವಸೆ ಇಲ್ಲದಿದ್ದರೆ ಡಾಕ್ಟರೂ ಬರೆದುಕೊಳ್ಳಬಹುದು. ಡಾಕ್ಟರ ದೃಢೀಕರಣ ಇಲ್ಲ ಎಂಬ ಒಂದೇ ಕಾರಣಕ್ಕೆ ಅಂಥ ಮಾತು ಬಿದ್ದುಹೋಗುವುದಿಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಹೇಳಿದ್ದಾರೆ. ನಾವು ಮಾಡಬೇಕಾದ್ದು ಒಂದು: ಗಂಡ, ಅತ್ತೆ, ಮಾವ, ಮೈದುನ ಎಲ್ಲರನ್ನೂ ಹೊರಗೆ ಕಳಿಸಿ ಎಂದು ಪಟ್ಟು ಹಿಡಿಯುವುದು. ಮಗುವನ್ನು ನಮ್ಮಲ್ಲೊಬ್ಬಳು ಎತ್ತಿಕೊಂಡು, 'ನಿನ್ನ ಮಗು ನಮ್ಮ ಹತ್ತಿರ ಇದೆ, ಹೆದರಬೇಡ, ನಡೆದದ್ದು ಹೇಳು' ಎನ್ನುವುದು. ಅಂದು ನಾವು ಇಷ್ಟು ಮಾಡಿದ್ದರೆ ಆ ಹುಡುಗಿ ಸ್ಟೌವ್ ಎನ್ನುತ್ತಿರಲಿಲ್ಲವೇನೋ. ಆ ಕೊರಗು ನನಗೆ ಇವತ್ತಿಗೂ ಇದೆ.

ಮದುವೆಯಾಗಿ ಏಳು ವರ್ಷದೊಳಗೆ ಸೊಸೆ ಅಸಹಜವಾಗಿ ಸತ್ತರೆ ಮರಣೋತ್ತರ ಪರೀಕ್ಷೆ ಮಾಡಿಸದೆ ಹೆಣ ಸುಡಲು, ಹೂಳಲು ಬಿಡಬೇಡಿ. ತಹಶೀಲ್ದಾರರ ಸಮಕ್ಷಮ ಶವ ತನಿಖೆ ಆಗಲಿ ಎಂದು ಕೇಳಿ. 2024ರ ಜುಲೈ 1ರಿಂದ ಕಾನೂನುಗಳ ಹೆಸರು ಬದಲಾಗಿದೆ. ಹಳೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ವರದಕ್ಷಿಣೆ ಸಾವಿನ 304ಬಿ ಈಗ 80ನೇ ಕಲಂ. ಅಂಕಿ ಬದಲಾಗಿದೆ, ಅಪರಾಧ ಬದಲಾಗಿಲ್ಲ.

ಬೆಂಕಿ ಬೀಳುವ ಮುಂಚೆಯೇ, ಏಟು ಬೀಳುತ್ತಿರುವಾಗಲೇ ಕರೆಯುವ ದಾರಿಗಳೂ ಇವೆ. ಪೊಲೀಸರಿಗೆ 112. ಮಹಿಳಾ ಸಹಾಯವಾಣಿ 181. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಸಿಡಿಪಿಓ ಅವರೇ ಸಂರಕ್ಷಣಾಧಿಕಾರಿ. ಇಂಥ ಮನೆಯಲ್ಲಿ ಹಿಂಸೆ ನಡೆಯುತ್ತಿದೆ ಎಂದು ನೆರೆಯವರು ಫೋನು ಮಾಡಿದರೂ ಸಾಕು, ಅವರು ಪೊಲೀಸರನ್ನು ಕರೆದುಕೊಂಡು ಬರಬೇಕು. ಜಿಲ್ಲೆಗೊಂದು 'ಸಖಿ' ಕೇಂದ್ರ ಇರಬೇಕೆಂಬ ಯೋಜನೆ 2015ರಲ್ಲಿ ಬಂತು. ಅಲ್ಲಿ ಚಿಕಿತ್ಸೆಗೆ, ಪೊಲೀಸರಿಗೆ, ವಕೀಲರಿಗೆ ದಾರಿ ಮಾಡಿಕೊಡುತ್ತಾರೆ, ಐದು ದಿನ ಉಳಿಯಲು ಜಾಗವೂ ಇರುತ್ತದೆ.

ಇದಕ್ಕೆಲ್ಲ ದುಡ್ಡು ಎಲ್ಲಿಂದ? ದೆಹಲಿಯ ಆ ಹುಡುಗಿಯ ಸಾವಿನ ನಂತರ 2013ರಲ್ಲಿ ಕೇಂದ್ರ ಸರ್ಕಾರ 1,000 ಕೋಟಿ ರೂಪಾಯಿಯಿಂದ ನಿರ್ಭಯಾ ನಿಧಿ ಶುರು ಮಾಡಿತು. 112, 181, ಸಖಿ ಕೇಂದ್ರ ಎಲ್ಲಕ್ಕೂ ದುಡ್ಡು ಬಂದದ್ದು ಆ ನಿಧಿಯಿಂದ. ಪೊಲೀಸ್ ಠಾಣೆಗಳಲ್ಲಿ ಮಹಿಳಾ ಸಹಾಯ ಕೇಂದ್ರ ಮಾಡಲು ದೇಶದ 10,000 ಠಾಣೆಗಳಿಗೆ 100 ಕೋಟಿ, ಅಂದರೆ ಠಾಣೆಗೆ ಒಂದು ಲಕ್ಷ ಲೆಕ್ಕ. ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇದೆ. ಔಷಧಿ ಮುಗಿದರೆ, ಸಣ್ಣ ರಿಪೇರಿ ಇದ್ದರೆ ಖರ್ಚು ಮಾಡಲು ಅದರ ಕೈಯಲ್ಲಿ ಹಣ ಇರುತ್ತದೆ. ಇದು ಯಾರೂ ನಮಗೆ ಕೊಡುವ ದಾನವಲ್ಲ. ಒಂದು ಪೊಟ್ಟಣ ಬೆಂಕಿಪೊಟ್ಟಣ ಕೊಂಡರೂ ನಾವು ತೆರಿಗೆ ಕಟ್ಟುತ್ತೇವೆ.

ನಮ್ಮ ಸಂಘದ ಪುಸ್ತಕದಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ದೀಪ ಹಚ್ಚಿಕೊಂಡು ಕೂತು ಹುಡುಕುತ್ತೇವೆ. ಯಾರು ಕಟ್ಟಿದರು, ಯಾರು ಕಟ್ಟಲಿಲ್ಲ ಎಂದು ಹೆಸರು ಹಿಡಿದು ಕೇಳುತ್ತೇವೆ. ಆ ಕಣ್ಣು, ಆ ಗಟ್ಟಿತನ ಸಂಘದ ಪುಸ್ತಕಕ್ಕೆ ಮಾತ್ರ ಯಾಕೆ?

ಮುಂದಿನ ಸಭೆಯೊಳಗೆ ಹೀಗೆ ಮಾಡೋಣ. ಒಂದೊಂದು ಸಂಘದಿಂದ ಇಬ್ಬರು ಆಸ್ಪತ್ರೆಗೆ ಹೋಗಲಿ. ಜಗಳಕ್ಕಲ್ಲ, ವಿಚಾರಿಸಲು. ರಾತ್ರಿ ಯಾರಿರುತ್ತಾರೆ, ಡ್ರಿಪ್ ಬಾಟಲಿ ಎಷ್ಟಿದೆ, ಆಮ್ಲಜನಕ ಇದೆಯೇ, ಗಾಡಿ ಎಲ್ಲಿ ನಿಲ್ಲುತ್ತದೆ, ರಕ್ಷಾ ಸಮಿತಿಯ ಸಭೆ ಕಡೆಯ ಸಲ ಯಾವಾಗ ಆಯಿತು ಎಂದು ಕೇಳಿ ಬರೆದುಕೊಳ್ಳಲಿ. ಅಲ್ಲಿನ ನರ್ಸಮ್ಮಂದಿರೂ ನಮ್ಮಂಥ ಹೆಣ್ಣುಮಕ್ಕಳೇ. ಇಲ್ಲದ ಸಾಮಾನಿಗೆ ಅವರನ್ನು ಬೈಯಬೇಡಿ, ಅವರ ಪರವಾಗಿ ಮೇಲೆ ಬರೆಯಿರಿ. ಇನ್ನಿಬ್ಬರು ಠಾಣೆಗೆ ಹೋಗಲಿ, ಮಹಿಳಾ ಸಹಾಯ ಕೇಂದ್ರ ಎಲ್ಲಿದೆ ಎಂದು ನೋಡಿ ಬರಲಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ. ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, 30 ದಿನದಲ್ಲಿ ಉತ್ತರ ಬರಬೇಕು. ಎಸ್ಸೆಸ್ಸೆಲ್ಸಿ ಓದಿದ ನಮ್ಮ ಮಕ್ಕಳೇ ಬರೆಯುತ್ತಾರೆ. ಬಂದ ಉತ್ತರವನ್ನು ಪಟ್ಟಣ ಪಂಚಾಯಿತಿಯಲ್ಲಿ, ಹಳ್ಳಿಯವರು ಗ್ರಾಮಸಭೆಯಲ್ಲಿ ಎದ್ದು ನಿಂತು ಓದೋಣ.

ಗಾಡಿ ಬರುವ ತನಕ ಕೈಕಟ್ಟಿ ಕೂರಬೇಡಿ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣನೆ ನೀರು ಹರಿಸಿ. ಐಸ್ ಬೇಡ. ಬೆಣ್ಣೆ, ಶಾಯಿ, ಪೇಸ್ಟು ಹಚ್ಚಬೇಡಿ. ಮೈಗೆ ಅಂಟಿದ ಬಟ್ಟೆ ಕೀಳಬೇಡಿ. ಊದಿಕೊಳ್ಳುವ ಮುಂಚೆ ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಒಗೆದ ಬಟ್ಟೆ ಹೊದಿಸಿ. ವಿಷ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಔಷಧಿಯ ಡಬ್ಬಿಯನ್ನು ಜೊತೆಯಲ್ಲೇ ಆಸ್ಪತ್ರೆಗೆ ಒಯ್ಯಿರಿ.

ಕೊನೆಗೆ ಒಂದು ಮಾತು. ವರ್ಷಕ್ಕೊಮ್ಮೆ ನಮ್ಮ ತೇರು ಎಳೆಯುವ ದಿನ ಈ ಊರನ್ನು ನೋಡಿ. ಆಂಬ್ಯುಲೆನ್ಸ್ ಬಂದು ನಿಂತಿರುತ್ತದೆ, ಡಾಕ್ಟರು ಇರುತ್ತಾರೆ, ಪೊಲೀಸರು ಸಾಲುಗಟ್ಟಿ ನಿಂತಿರುತ್ತಾರೆ. ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹರಾಜಾಗುತ್ತದೆ. ಆಗಲಿ, ಅದು ನಮ್ಮ ಹೆಮ್ಮೆ. ಹಾಗಾದರೆ ಮನಸ್ಸು ಮಾಡಿದರೆ ಸಿದ್ಧತೆ ಮಾಡಲು ಬರುತ್ತದೆ ಎಂದಾಯಿತಲ್ಲ? ತೇರಿನ ದಿನ ಬರುವ ಸಿದ್ಧತೆಯಲ್ಲಿ ನಾಲ್ಕರಲ್ಲೊಂದು ಪಾಲು ಉಳಿದ ದಿನಗಳ ರಾತ್ರಿಯಲ್ಲೂ ಇರಲಿ ಎಂದು ಕೇಳುವುದು ದೊಡ್ಡ ಮಾತೇ?

ಆ ಹುಡುಗಿಯ ಮಗು ಈಗ ದೊಡ್ಡದಾಗಿದೆ. ಅಮ್ಮ ಹೇಗೆ ಸತ್ತಳು ಎಂದು ಒಂದು ದಿನ ನನ್ನನ್ನು ಕೇಳಿದರೆ ಏನು ಹೇಳಲಿ? ಆ ಉತ್ತರ ನನ್ನ ಹತ್ತಿರ ಇಲ್ಲ. ಇನ್ನೊಂದು ಮಗು ಈ ಪ್ರಶ್ನೆ ಕೇಳದ ಹಾಗೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಲಿದೆ. ಪುಸ್ತಕ, ಪೆನ್ನು ತನ್ನಿ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಯಾರು ಯಾರು ಹೋಗುತ್ತೀರಿ, ಹೆಸರು ಈಗಲೇ ಬರೆಸಿ.