ಹಾಜಿ ಅಬ್ದುಲ್ಲಾ ಸಾಹೇಬರ ಬ್ಯಾಂಕು ಮತ್ತು ನಮ್ಮ ಮಕ್ಕಳ ಫೀಸು

(ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ ಟ್ರಸ್ಟಿನ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಬಂದಿರುವ ದಾನಿಗಳೇ, ತಂದೆ ತಾಯಂದಿರೇ, ಮಕ್ಕಳೇ. ಪ್ರತಿ ವರ್ಷ ಈ ಸಭೆಯಲ್ಲಿ ನಾವು ಜಮಾ-ಖರ್ಚು ಓದುತ್ತೇವೆ, ವಂದನೆ ಹೇಳುತ್ತೇವೆ, ಊಟಕ್ಕೆ ಏಳುತ್ತೇವೆ. ಈ ಸಲ ಅದಕ್ಕೂ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಮೂರು ವರ್ಷದ ಹಿಂದೆ ನರ್ಸಿಂಗ್ ಸೇರಿದ ಒಬ್ಬ ಹೆಣ್ಣುಮಗಳಿಗೆ, ಕೋರ್ಸು ಮುಗಿಯುವವರೆಗೆ ವರ್ಷಕ್ಕೆ ಇಷ್ಟು ಎಂದು ಒಂದು ಮೊತ್ತ ಬರೆದುಕೊಟ್ಟೆವು. ಮೊದಲ ವರ್ಷ ಅದು ಫೀಸಿಗೂ ಹಾಸ್ಟೆಲಿಗೂ ಸಾಕಾಯಿತು. ಎರಡನೇ ವರ್ಷ ಹಾಸ್ಟೆಲಿಗೆ ಕಡಿಮೆ ಬಿತ್ತು. ಮೂರನೇ ವರ್ಷ ಆಕೆಯ ತಾಯಿ ಸಂಘದಲ್ಲಿ ಸಾಲ ಎತ್ತಿದರು. ನಮ್ಮ ಪುಸ್ತಕದಲ್ಲಿ ಮಾತ್ರ ಮೂರೂ ವರ್ಷ ಪೂರ್ತಿ ಪಾವತಿ ಎಂದೇ ಇದೆ. ಆ ತಾಯಿ ಆಫೀಸಿಗೆ ಬಂದು ಜಗಳವಾಡಲಿಲ್ಲ. "ರೊಕ್ಕ ಅಷ್ಟೇ ಐತ್ರಿ ಭಾಯಿ, ಆದ್ರ ಕಡಿಮಿ ಆಗೈತಿ" ಎಂದಷ್ಟೇ ಹೇಳಿದರು.

ಅಂಕಿ ಅಷ್ಟೇ ಇದ್ದು ಹಣ ಕಡಿಮೆಯಾಗುವುದು ಹೇಗೆ? ಇವತ್ತಿನ ಮಾತು ಇದರ ಬಗ್ಗೆ.

ನಿಮ್ಮಲ್ಲಿ ಹಲವರಿಗೆ ಗೊತ್ತಿರುವ ಉದಾಹರಣೆಯೊಂದಿದೆ. ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 2008ರಲ್ಲಿ ಶುರುವಾಯಿತು. ಒಂದರಿಂದ ಐದನೇ ತರಗತಿಯ ಮಗುವಿಗೆ ತಿಂಗಳಿಗೆ 100 ರೂಪಾಯಿಯಂತೆ ಹತ್ತು ತಿಂಗಳಿಗೆ 1,000 ರೂಪಾಯಿ. ಪೋಷಕರ ಆದಾಯದ ಮಿತಿ ವರ್ಷಕ್ಕೆ ಒಂದು ಲಕ್ಷ. 2022ರಲ್ಲಿ ಎಂಟನೇ ತರಗತಿವರೆಗಿನ ಮಕ್ಕಳಿಗೆ ಅದನ್ನು ನಿಲ್ಲಿಸಿದಾಗ ಎಲ್ಲರೂ ದುಃಖಪಟ್ಟೆವು, ಪತ್ರ ಬರೆದೆವು. ಆದರೆ ಅಷ್ಟು ವರ್ಷವೂ ಆ ಸಾವಿರ ಸಾವಿರವಾಗಿಯೇ, ಆ ಲಕ್ಷ ಲಕ್ಷವಾಗಿಯೇ ಉಳಿದಿತ್ತು. ಕೂಲಿ ನಾಲ್ಕು ಕಾಸು ಏರಿದ್ದಕ್ಕೇ ಕೆಲವು ಮನೆಗಳು ಮಿತಿ ದಾಟಿ ಪಟ್ಟಿಯಿಂದ ಹೊರಬಿದ್ದವು. ಯಾರೂ ಕಡಿತ ಮಾಡಲಿಲ್ಲ, ಕಡಿತ ಆಯಿತು. ಆಗ ಯಾರೂ ಪತ್ರ ಬರೆಯಲಿಲ್ಲ, ನಾವೂ ಬರೆಯಲಿಲ್ಲ.

ಬೆಲೆ ಏರಿಕೆಗೆ ಕಾರಣ ಹಲವು. ಮಳೆ ಕೈಕೊಟ್ಟರೆ ಬೇಳೆ ಏರುತ್ತದೆ, ಯುದ್ಧವಾದರೆ ಎಣ್ಣೆ ಏರುತ್ತದೆ. ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಸರ್ಕಾರದ ಕೈವಾಡ ಇರುವ ಕಾರಣವೂ ಒಂದಿದೆ. ಸರ್ಕಾರಗಳು ಆದಾಯಕ್ಕಿಂತ ಹೆಚ್ಚು ಖರ್ಚು ಮಾಡಿ ಸಾಲ ತರುತ್ತವೆ, ಮುಳುಗಿದ ದೊಡ್ಡವರನ್ನು ಸಾರ್ವಜನಿಕರ ಹಣದಿಂದ ಎತ್ತುತ್ತವೆ. ಭಾರ ಹೆಚ್ಚಾದಾಗ ರಿಸರ್ವ್ ಬ್ಯಾಂಕು ಹೊಸ ಹಣ ಹುಟ್ಟಿಸಿ ಹಾದಿ ಸುಗಮ ಮಾಡುತ್ತದೆ.

ಮೊದಲು ಎತ್ತುವ ವಿಷಯ. ನಮ್ಮ ಜನಕ್ಕೆ ಹೆಮ್ಮೆಯ ಹೆಸರೊಂದಿದೆ: ಉಡುಪಿಯ ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಸಾಹೇಬರು. ಊರಿನ ಎಲ್ಲ ಧರ್ಮದವರನ್ನೂ ಜೊತೆ ಸೇರಿಸಿಕೊಂಡು 1906ರಲ್ಲಿ 5,000 ರೂಪಾಯಿ ಬಂಡವಾಳದಲ್ಲಿ ಅವರು ಕಟ್ಟಿದ ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮೊದಲ ದಿನದ ಕೊನೆಗೆ ಅಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಪೈಯವರೆಗೆ ಲೆಕ್ಕ ಇಟ್ಟಿದ್ದರು ನೋಡಿ! ಉಡುಪಿಯ ಸರ್ಕಾರಿ ಆಸ್ಪತ್ರೆಗೆ ಜಾಗ ಕೊಟ್ಟವರೂ ಅವರೇ.

1980ರಲ್ಲಿ ಆ ಬ್ಯಾಂಕು ರಾಷ್ಟ್ರೀಕರಣವಾಯಿತು. ಮುಂದೆ ದೇಶದ ಸರ್ಕಾರಿ ಬ್ಯಾಂಕುಗಳೆಲ್ಲ ಮರುಪಾವತಿಯಾಗದ ಸಾಲದಲ್ಲಿ ಸಿಕ್ಕಿಕೊಂಡವು. ಆ ಸಾಲ ಯಾರದು? ಹಡಗಲಿಯ ಮಲ್ಲಿಗೆ ಬೆಳೆಗಾರನದಲ್ಲ, ಕೊಟ್ಟೂರಿನ ಶೇಂಗಾ ವ್ಯಾಪಾರಿಯದಲ್ಲ. ಬ್ಯಾಂಕುಗಳ ಒಟ್ಟು ಕೆಟ್ಟ ಸಾಲದಲ್ಲಿ ಸುಮಾರು ಕಾಲು ಭಾಗ ಬರೀ 12 ಖಾತೆಗಳದ್ದು ಎಂದು 2017ರಲ್ಲಿ ರಿಸರ್ವ್ ಬ್ಯಾಂಕೇ ಹೇಳಿತು. ಅದೇ ವರ್ಷ ಕೇಂದ್ರ ಸರ್ಕಾರ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿಯ ಬಂಡವಾಳ ಯೋಜನೆ ಪ್ರಕಟಿಸಿತು. ಅದರಲ್ಲಿ 1.35 ಲಕ್ಷ ಕೋಟಿ ಬಾಂಡುಗಳ ರೂಪದಲ್ಲಿ. ಬಾಂಡಿನ ಲೆಕ್ಕ ಹೀಗಿದೆ: ಬ್ಯಾಂಕಿನಲ್ಲಿರುವ ನಿಮ್ಮ ನಮ್ಮ ಠೇವಣಿಯನ್ನು ಸರ್ಕಾರ ಸಾಲವಾಗಿ ಪಡೆಯಿತು, ಅದನ್ನೇ ಬಂಡವಾಳ ಎಂದು ಬ್ಯಾಂಕಿಗೆ ಹಿಂದಿರುಗಿಸಿತು. ಅದರ ಬಡ್ಡಿ ಮಾತ್ರ ವರ್ಷವರ್ಷವೂ ತೆರಿಗೆಯಿಂದ ಹೋಗುತ್ತದೆ. ಸೋಪು ಕೊಳ್ಳುವಾಗ ನಾವು ಕೊಡುವ ಜಿಎಸ್‌ಟಿಯೂ ಅದರಲ್ಲಿ ಸೇರಿದೆ. 2019ರ ಫೆಬ್ರವರಿಯಲ್ಲಿ ಕಾರ್ಪೊರೇಷನ್ ಬ್ಯಾಂಕೊಂದಕ್ಕೇ 9,086 ಕೋಟಿ ಬಂತು. ಮರುವರ್ಷ, 2020ರ ಏಪ್ರಿಲ್ 1ರಂದು, ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿ ಬೋರ್ಡೂ ಇಳಿಯಿತು.

ಬ್ಯಾಂಕು ಮುಳುಗಲಿ ಎಂದು ನಾವು ಹೇಳುವುದಿಲ್ಲ. ಅಲ್ಲಿ ನಮ್ಮ ಖಾತೆಯೂ ಇತ್ತು. ಆದರೆ ಎಲ್ಲರಿಗೂ ಒಂದೇ ದೋಣಿ ಬರುವುದಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಅವರಲ್ಲಿ ನಿವೃತ್ತರು, ವೃದ್ಧರು ಬಹಳ. ಮಾರ್ಚ್ 5ರಂದು ಯೆಸ್ ಬ್ಯಾಂಕಿಗೂ ನಿರ್ಬಂಧ ಬಂತು. ಸ್ಟೇಟ್ ಬ್ಯಾಂಕು ಮತ್ತಿತರರಿಂದ 10,000 ಕೋಟಿ ಹರಿಸಿ 13 ದಿನಕ್ಕೆ ಬಾಗಿಲು ತೆರೆಸಿದರು. ಸಹಕಾರ ಬ್ಯಾಂಕಿನವರು ವಿಮೆ ಹಣಕ್ಕಾಗಿ 2021ರಲ್ಲಿ ಕಾನೂನು ತಿದ್ದುಪಡಿಯಾಗುವವರೆಗೂ ಕಾದರು.

ಇನ್ನು ಹೊಸ ಹಣದ ವಿಷಯ. ನೋಟು ಮುದ್ರಣ ಎಂದರೆ ಮೈಸೂರಿನ ಪ್ರೆಸ್ಸು ನೆನಪಾಗುತ್ತದೆ. ಪ್ರೆಸ್ಸಿನದೇನೂ ತಪ್ಪಿಲ್ಲ. ಹೊಸ ಹಣ ಹುಟ್ಟುವುದು ರಿಸರ್ವ್ ಬ್ಯಾಂಕಿನ ಖಾತೆ ಪುಸ್ತಕದಲ್ಲಿ. 1997ರವರೆಗೆ ಕೇಂದ್ರಕ್ಕೆ ಹಣ ಸಾಲದಾದಾಗ ಅಲ್ಪಾವಧಿ ಹುಂಡಿ ಬರೆದುಕೊಟ್ಟರೆ ರಿಸರ್ವ್ ಬ್ಯಾಂಕು ಹಣ ಜಮಾ ಮಾಡುತ್ತಿತ್ತು. ಆ ಪದ್ಧತಿ ಕೆಟ್ಟದ್ದೆಂದು ನಿಲ್ಲಿಸಿದರು. 2003ರ ಕಾನೂನು ಸರ್ಕಾರದ ಬಾಂಡನ್ನು ನೇರವಾಗಿ ಕೊಳ್ಳದಂತೆಯೂ ತಡೆಯಿತು. ಮಾರುಕಟ್ಟೆಯಿಂದ ಕೊಳ್ಳಲು ಮಾತ್ರ ಅಡ್ಡಿಯಿಲ್ಲ. ಕೋವಿಡ್ ಕಾಲದಲ್ಲಿ, 2021ರ ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ, ಹೀಗೆ 2.2 ಲಕ್ಷ ಕೋಟಿಯ ಬಾಂಡು ಕೊಳ್ಳುವ ಕಾರ್ಯಕ್ರಮ ನಡೆಯಿತು. ಕಷ್ಟಕಾಲ, ನಿಜ. ಸರ್ಕಾರಕ್ಕೆ ಸಾಲ ಅಗ್ಗವಾಯಿತು. ಮುಂದಿನ ವರ್ಷ, 2022ರ ಏಪ್ರಿಲಿನಲ್ಲಿ, ಚಿಲ್ಲರೆ ಹಣದುಬ್ಬರ ಶೇ. 7.79 ಮುಟ್ಟಿತು. ಯುದ್ಧದ ಪಾಲೂ ಅದರಲ್ಲಿತ್ತು. ಸತತ ಮೂರು ತ್ರೈಮಾಸಿಕ ಶೇ. 6ರ ಮಿತಿ ದಾಟಿದ್ದರಿಂದ, ಗುರಿ ತಪ್ಪಿದ್ದೇಕೆ ಎಂದು ರಿಸರ್ವ್ ಬ್ಯಾಂಕು ಸರ್ಕಾರಕ್ಕೆ ಪತ್ರ ಬರೆಯಬೇಕಾಯಿತು. ಆ ಪತ್ರವನ್ನು ಸಾರ್ವಜನಿಕಗೊಳಿಸಲಿಲ್ಲ. ಬೆಲೆ ಕಟ್ಟಿದವರು ನಾವು, ಉತ್ತರ ಹೋದದ್ದು ಬೇರೆಯವರಿಗೆ.

ನಮ್ಮ ಪಕ್ಕದ ಕಂಪಿಲಿಯನ್ನು ಗೆದ್ದ ಮಹಮ್ಮದ್ ಬಿನ್ ತೊಘಲಕ್ ಸುಮಾರು 1330ರಲ್ಲಿ ತಾಮ್ರದ ನಾಣ್ಯವನ್ನು ಬೆಳ್ಳಿಯ ಬೆಲೆಗೆ ಚಲಾಯಿಸಿ ನಗೆಪಾಟಲಾದ. ಆದರೂ ಕೊನೆಗೆ ಆ ನಾಣ್ಯಗಳನ್ನು ಖಜಾನೆಯಿಂದಲೇ ಬದಲಾಯಿಸಿಕೊಟ್ಟ, ತಪ್ಪಿನ ಬೆಲೆಯನ್ನು ತಾನೇ ತೆತ್ತ. ಇಷ್ಟು ಹೊಗಳಿಕೆಗೆ ಅವನು ಅರ್ಹ.

ನಮ್ಮ ರಾಜ್ಯದ ಲೆಕ್ಕವನ್ನೂ ನೋಡಿ. ಹಣಕಾಸು ಶಿಸ್ತಿಗೆ 2002ರಲ್ಲಿ ಮೊದಲು ಕಾನೂನು ಮಾಡಿದ ರಾಜ್ಯ ಕರ್ನಾಟಕ. ಒಟ್ಟು ಸಾಲ ರಾಜ್ಯದ ಉತ್ಪನ್ನದ ಶೇ. 25 ಮೀರಬಾರದು. 2025-26ರ ಬಜೆಟ್ ಪ್ರಕಾರ ವರ್ಷಾಂತ್ಯಕ್ಕೆ ಸಾಲ 7.64 ಲಕ್ಷ ಕೋಟಿ, ಅಂದರೆ ಶೇ. 24.91. ಗೆರೆ ದಾಟಿಲ್ಲ, ಗೆರೆಯ ಮೇಲೇ ನಿಂತಿದೆ. ತಲೆಗೆ ಲಕ್ಷ ರೂಪಾಯಿಗೂ ಮೇಲೆ. ತುಂಗಭದ್ರೆಯಂಥ ಅಣೆಕಟ್ಟು ಕಟ್ಟಲು ಸಾಲ ಮಾಡಿದರೆ ಮಕ್ಕಳೂ ಅದರ ನೀರು ಕುಡಿಯುತ್ತಾರೆ. ಆದರೆ ಅದೇ ಬಜೆಟ್ಟಿನಲ್ಲಿ 19,262 ಕೋಟಿ ರಾಜಸ್ವ ಕೊರತೆ ಇದೆ, ಎಂದರೆ ದಿನದ ಖರ್ಚಿಗೂ ಸಾಲ. ಗೃಹಲಕ್ಷ್ಮಿಯ 2,000 ಪಡೆಯುವ ಅಕ್ಕಂದಿರು ಮುಖ ಬಾಡಿಸಬೇಡಿ. ಬಡವರಿಗೆ ಕೊಡುವುದು ತಪ್ಪೆಂದು ನಾವು ಎನ್ನುತ್ತಿಲ್ಲ. 2023ರ 2,000ವೂ ಇವತ್ತಿನ 2,000ವೂ ಒಂದೇ ಅಲ್ಲ ಎಂದು ನಿಮಗೆ ಅಂಗಡಿಯಲ್ಲಿ ಆಗಲೇ ಗೊತ್ತಾಗಿದೆ. ಕೇಂದ್ರದ್ದು ಇನ್ನೂ ಭಾರ: 2025-26ರ ಬಜೆಟ್ಟಿನ 50.65 ಲಕ್ಷ ಕೋಟಿ ಖರ್ಚಿನಲ್ಲಿ 12.76 ಲಕ್ಷ ಕೋಟಿ ಬರೀ ಬಡ್ಡಿಗೆ. ಟ್ರಸ್ಟಿನ ಖಾತೆಗೆ ಬಿದ್ದ ನಾಲ್ಕು ಕಾಸು ಬಡ್ಡಿಯನ್ನು ಏನು ಮಾಡುವುದೆಂದು ಪ್ರತಿ ಸಭೆಯಲ್ಲಿ ಒಂದು ಗಂಟೆ ವಾದಿಸುವವರು ನಾವು. ಸರ್ಕಾರ ನಮ್ಮ ಹೆಸರಿನಲ್ಲಿ ಕಟ್ಟುವ ಬಡ್ಡಿಯ ಬಗ್ಗೆ ಒಂದು ನಿಮಿಷವೂ ಮಾತಾಡಿದ್ದಿಲ್ಲ.

ಖುರ್‌ಆನಿನ ಅತಿ ದೀರ್ಘ ಆಯತ್, ಸೂರಾ ಬಕರಾದ 282ನೆಯದು, ಸಾಲವನ್ನು ಬರೆದಿಡುವ ಕುರಿತದ್ದು. ಅವಧಿ ಇರಬೇಕು, ಸಾಕ್ಷಿ ಇರಬೇಕು, ಸಾಲ ತೀರಿಸಬೇಕಾದವನೇ ಹೇಳಿ ಬರೆಸಬೇಕು. ಸರ್ಕಾರದ ಸಾಲವನ್ನು ತೀರಿಸಬೇಕಾದವರು ಈಗ ಎರಡನೇ ತರಗತಿಯಲ್ಲಿ ಮಗ್ಗಿ ಕಲಿಯುತ್ತಿದ್ದಾರೆ. ಅವರನ್ನು ಯಾರು ಕೇಳಿದರು?

ದೆಹಲಿ, ಬೆಂಗಳೂರನ್ನು ತಿದ್ದುವ ಶಕ್ತಿ ನಮಗಿಲ್ಲ. ನಮ್ಮ ಪುಸ್ತಕವನ್ನು ತಿದ್ದಬಹುದು. ಈ ವರ್ಷದಿಂದ ಟ್ರಸ್ಟು ನಿಗದಿತ ಮೊತ್ತ ಬರೆದುಕೊಡುವುದಿಲ್ಲ. ಆಯ್ಕೆಯಾದ ಮಗುವಿನ ಆ ವರ್ಷದ ಫೀಸಿನ ರಸೀದಿ ಎಷ್ಟಿದೆಯೋ ಅಷ್ಟು, ಕೋರ್ಸು ಮುಗಿಯುವವರೆಗೆ. ಇದರಿಂದ ಹೊಸದಾಗಿ ತೆಗೆದುಕೊಳ್ಳುವ ಮಕ್ಕಳ ಸಂಖ್ಯೆ ಕಡಿಮೆಯಾಗುತ್ತದೆ. ಪಟ್ಟಿ ದೊಡ್ಡದಾಗಿ ಕಾಣಲೆಂದು ಎಲ್ಲರಿಗೂ ಅರ್ಧರ್ಧ ಹಂಚುವುದಿಲ್ಲ, ಮುಂದಿನ ರಂಜಾನ್‌ನ ಜಕಾತನ್ನು ನಂಬಿ ಈಗಲೇ ಸಾಲ ತಂದು ಮಾತು ಕೊಡುವುದೂ ಇಲ್ಲ. ದಾನಿಗಳಲ್ಲಿ ವಿನಂತಿ: ಹತ್ತು ವರ್ಷದಿಂದ ಕೊಡುತ್ತಿರುವ ಮೊತ್ತವನ್ನೇ ಈಗಲೂ ಕೊಡುತ್ತಿರುವವರು, ಅಂದು ಅದರಿಂದ ಏನು ಬರುತ್ತಿತ್ತು, ಇಂದು ಏನು ಬರುತ್ತದೆ ಎಂದು ಮನೆಯಲ್ಲಿ ಒಮ್ಮೆ ಲೆಕ್ಕ ಹಾಕಿ.

ಆ ನರ್ಸಿಂಗ್ ವಿದ್ಯಾರ್ಥಿನಿಯ ತಾಯಿಯ ಸಂಘದ ಸಾಲವನ್ನು ಕಳೆದ ತಿಂಗಳು ತೀರಿಸಿದೆವು. ಸಾಲದಲ್ಲಿ ಸಿಕ್ಕಿದವರು ಜಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ಒಬ್ಬರು. ಬಡ್ಡಿಯ ಭಾಗವನ್ನು ಮಾತ್ರ ಒಬ್ಬ ದಾನಿ ಬೇರೆಯಾಗಿ ಕೊಟ್ಟರು. ಇದೂ ಬೇಲೌಟೇ ಅಲ್ಲವೇ ಎಂದು ಸಮಿತಿಯಲ್ಲೊಬ್ಬರು ನಕ್ಕರು. ಹೌದು. ಯಾರ ಹಣ, ಎಷ್ಟು, ಯಾಕೆ ಎಂದು ಪುಸ್ತಕದಲ್ಲಿ ಬರೆದಿದೆ. ಕೊಟ್ಟವರನ್ನು ಕೇಳಿಯೇ ಕೊಟ್ಟಿದ್ದೇವೆ.

ಅರ್ಜಿ ನಮೂನೆ ಈ ವರದಿಯ ಕೊನೆಯ ಪುಟದಲ್ಲಿದೆ. ಅದರ ಜೊತೆ ಈ ವರ್ಷದ ಫೀಸು ಹಾಗೂ ಹಾಸ್ಟೆಲ್ ರಸೀದಿ, ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಲಗತ್ತಿಸಿ. ಹಿಂದಿನ ವರ್ಷ ನಮ್ಮಿಂದ ಪಡೆದು, ಕಡಿಮೆ ಬಿದ್ದು, ಸಾಲ ಮಾಡಿದವರು ಇನ್ನೂ ಇದ್ದರೆ ಸಂಕೋಚ ಬೇಡ. ಊಟದ ನಂತರ ಒಳಗಿನ ಕೋಣೆಯಲ್ಲಿ ಕೂತಿರುತ್ತೇವೆ, ಚೀಟಿ ತಂದು ತೋರಿಸಿ.