ಸೂಲಗಿತ್ತಿ ಅಧ್ಯಕ್ಷೆಯಾದ ದ್ವೀಪ

(ಕಾರ್ಮಿಕ ವಾಚನಾಲಯದಲ್ಲಿ ಮಾಡಿದ ಭಾಷಣದ ಪಾಠ)



ಮೊದಲ ಪಾಳಿ ಮುಗಿಸಿ ಮನೆಗೂ ಹೋಗದೆ ಬಂದವರು ಇಲ್ಲಿದ್ದೀರಿ. ಅಂಗಡಿಯನ್ನು ಮಗನ ಕೈಗೆ ಬಿಟ್ಟು ಬಂದವರೂ ಇದ್ದೀರಿ. ನಮ್ಮ ಒಂದು ಕೇರಿಯಷ್ಟೂ ಜನರಿಲ್ಲದ ಊರೊಂದರ ವಿಷಯ ಹೇಳುತ್ತೇವೆ. ಸಣ್ಣ ಊರಿಗೆ ಸ್ವಂತ ಆಡಳಿತ ಏತಕ್ಕೆಂದು ಕೇಳುವ ದೊಡ್ಡವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಆ ಮಾತಿಗೆ ಈ ಊರು ಏನು ಜವಾಬು ಕೊಟ್ಟಿತು ಎಂಬುದನ್ನು ನೋಡೋಣ.

ನಾರ್ವೆ ದೇಶದ ಪಶ್ಚಿಮ ಕರಾವಳಿಯಿಂದಾಚೆ, ಉತ್ತರ ಸಮುದ್ರದಲ್ಲಿ ಉತ್ಸಿರಾ ಎಂಬ ದ್ವೀಪವಿದೆ. ವಿಸ್ತೀರ್ಣ ಸುಮಾರು 6 ಚದರ ಕಿಲೋಮೀಟರು. ಜನಸಂಖ್ಯೆ ಸುಮಾರು 200. ಹೌಗೆಸುಂದ್ ಪಟ್ಟಣದಿಂದ ಹಡಗು ಹತ್ತಿದರೆ ಒಂದು ತಾಸಿಗೂ ಮೇಲೆ ಪ್ರಯಾಣ. ಬೀಸುವ ಗಾಳಿಗೆ ಅಲ್ಲಿ ಬರವಿಲ್ಲ. ಉತ್ತರಕ್ಕೊಂದು, ದಕ್ಷಿಣಕ್ಕೊಂದು ಬಂದರು. ಗುಡ್ಡದ ಮೇಲೆ 1844ರ ದೀಪಸ್ತಂಭ. ಹೆರಿಂಗ್ ಎಂಬ ಮೀನೇ ಹಿಂದೆ ಅಲ್ಲಿಯವರ ಅನ್ನ. 1960ರ ದಶಕದಲ್ಲಿ ದೊಡ್ಡ ಯಂತ್ರದೋಣಿಗಳು ಮಿತಿಯಿಲ್ಲದೆ ಬಾಚಿ ಬಾಚಿ, ಆ ಮೀನಿನ ಸಂತಾನವೇ ಬಹುಮಟ್ಟಿಗೆ ಅಳಿದುಹೋಯಿತು. ಲಾಭ ಯಾರದಾಯಿತು, ಹೊಟ್ಟೆ ಯಾರದು ಬರಿದಾಯಿತು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

1924ರಲ್ಲಿ ಈ ದ್ವೀಪ ತೋರ್ವಸ್ತಾದ್ ಪುರಸಭೆಯಿಂದ ಬೇರೆಯಾಗಿ ತನ್ನದೇ ಪುರಸಭೆ ಮಾಡಿಕೊಂಡಿತು. ಮರುವರ್ಷ, 1925ರಲ್ಲಿ ಚುನಾವಣೆ. ನಾರ್ವೆಯಲ್ಲಿ ಹೆಂಗಸರಿಗೆ ಸ್ಥಳೀಯ ಚುನಾವಣೆಯಲ್ಲಿ ಪೂರ್ಣ ಮತ ಸಿಕ್ಕಿದ್ದು 1910ರಲ್ಲಿ, ಪಾರ್ಲಿಮೆಂಟಿಗೆ 1913ರಲ್ಲಿ. ಅದಕ್ಕೂ ಮುಂಚೆ, 1901ರಿಂದ, ತೆರಿಗೆ ಕಟ್ಟುವ ಹೆಂಗಸರಿಗಷ್ಟೇ, ಇಲ್ಲವೆ ತೆರಿಗೆ ಕಟ್ಟುವವನ ಹೆಂಡತಿಗಷ್ಟೇ ಆ ಹಕ್ಕು; ಅಂದರೆ ಮೊದಲು ಹಣಕ್ಕೆ ಮತ, ಆಮೇಲೆ ಮನುಷ್ಯರಿಗೆ! ಮತ ಬಂದರೂ ಕುರ್ಚಿ ಬಂದಿರಲಿಲ್ಲ. ಇಂಥ ಕಾಲದಲ್ಲಿ ಉತ್ಸಿರಾದ ಮತಪೆಟ್ಟಿಗೆ ಬಿಚ್ಚಿದರೆ, ಹನ್ನೆರಡು ಸ್ಥಾನಗಳಲ್ಲಿ ಹನ್ನೊಂದಕ್ಕೆ ಹೆಂಗಸರು! ಗಂಡಸು ಒಬ್ಬನೇ ಒಬ್ಬ. ಪಾಪ, ಅವನ ಪಾಡು ನೆನೆದರೆ ನಮಗೆ ನಗು ಬರುತ್ತದೆ. ಆದರೆ ಹನ್ನೊಂದು ಗಂಡಸರ ನಡುವೆ ಒಬ್ಬಳೇ ಹೆಂಗಸು ಕೂತ ಸಭೆಗಳನ್ನು ಎಷ್ಟು ನೋಡಿಲ್ಲ ನಾವು, ಆಗ ನಕ್ಕಿದ್ದೇವೆಯೇ?

1926ರಲ್ಲಿ ಸಭೆ ಓಸಾ ಹೆಲ್ಗೆಸೆನ್ ಎಂಬಾಕೆಯನ್ನು ಅಧ್ಯಕ್ಷೆಯಾಗಿ ಆರಿಸಿತು. ಇಡೀ ನಾರ್ವೆಗೆ ಮೊದಲ ಮಹಿಳಾ ಪುರಸಭಾಧ್ಯಕ್ಷೆ ಆಕೆ. ವಕೀಲಳಲ್ಲ, ಸಾಹುಕಾರನ ಮಗಳೆಂದು ಮೇಲೆ ಬಂದವಳಲ್ಲ, ಊರಿನ ಸೂಲಗಿತ್ತಿ. ಯೋಚಿಸಿ ನೋಡಿ. ಯಾವ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಯಾವ ಬಾಣಂತಿಗೆ ಹಾಲಿಲ್ಲ, ಬಿರುಗಾಳಿಯ ರಾತ್ರಿ ಯಾವ ದಾರಿ ನಡೆಯಲಾಗದಂತಿರುತ್ತದೆ—ಇವು ಸೂಲಗಿತ್ತಿಗೆ ತಿಳಿದಷ್ಟು ಇನ್ನಾರಿಗೆ ತಿಳಿದಾವು? 1928ರವರೆಗೆ ಆಕೆ ಆ ಸ್ಥಾನದಲ್ಲಿದ್ದಳು. ದ್ವೀಪವೇನೂ ಮುಳುಗಲಿಲ್ಲ.

ಇನ್ನು ಖರ್ಚಿನ ಮಾತು. ಇನ್ನೂರು ಜನಕ್ಕೆ ಒಂದು ಪುರಸಭೆ ದುಂದಲ್ಲವೇ ಎಂದು ನಮ್ಮ ವರ್ತಕ ಮಿತ್ರರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರಬಹುದು. ನಾರ್ವೆಯಲ್ಲಿಯೂ ಈ ಲೆಕ್ಕ ಹಾಕಿದರು. 1960ರ ದಶಕದಲ್ಲಿ ಸಣ್ಣ ಪುರಸಭೆಗಳನ್ನು ಒಂದಕ್ಕೊಂದು ಸೇರಿಸಿ, ಏಳುನೂರಕ್ಕೂ ಮೀರಿ ಇದ್ದುದನ್ನು ನಾನೂರೈವತ್ತರ ಆಸುಪಾಸಿಗೆ ಇಳಿಸಿದರು. 2020ರ ಹೊತ್ತಿಗೆ ಮತ್ತೊಮ್ಮೆ ಕತ್ತರಿ ಆಡಿಸಿ 356ಕ್ಕೆ ತಂದರು. ಎರಡು ಸಲವೂ ಉತ್ಸಿರಾ ಉಳಿಯಿತು. ಉಳಿದದ್ದು ಬರಿಯ ಅಭಿಮಾನದಿಂದಲ್ಲ. ಆ ದೇಶದ ಕಾನೂನಿನಲ್ಲಿ ರಾಜಧಾನಿ ಓಸ್ಲೋಗೆ ಶಾಲೆ, ಶಿಶುವಿಹಾರ, ವೃದ್ಧರ ಆರೈಕೆಯ ಹೊಣೆ ಹೇಗೋ ಈ ದ್ವೀಪಕ್ಕೂ ಹಾಗೆಯೇ. ಹೊಣೆ ಹೊರಲು ಸಾಲದ ಹಣವನ್ನು ಸರಕಾರದ ಬೊಕ್ಕಸ ತುಂಬಿಕೊಡುತ್ತದೆ. ಉಳ್ಳ ಊರಿನ ತೆರಿಗೆಯಲ್ಲಿ ಒಂದು ಪಾಲು ಇಲ್ಲದ ಊರಿಗೆ ಹರಿಯುತ್ತದೆ. ಇದನ್ನು ದಾನವೆನ್ನುವವರಿದ್ದಾರೆ, ನಾವು ಹಕ್ಕೆನ್ನುತ್ತೇವೆ. ಹೊಣೆಯನ್ನು ಮಾತ್ರ ಕೆಳಕ್ಕೆ ನೂಕಿ ಹಣವನ್ನು ಮೇಲೆಯೇ ಇಟ್ಟುಕೊಳ್ಳುವ ಚಾತುರ್ಯ ನಮಗೆ ಚೆನ್ನಾಗಿ ಪರಿಚಿತ.

ಮೀನು ಹೋಯಿತು, ಗಾಳಿ ಉಳಿಯಿತು ಎಂದೆವಲ್ಲ. 2004ರಲ್ಲಿ ಅಲ್ಲಿ ಎರಡು ಗಾಳಿಯಂತ್ರ ನಿಲ್ಲಿಸಿ ಒಂದು ಪ್ರಯೋಗ ನಡೆಸಿದರು. ಗಾಳಿ ಜೋರಾದಾಗ ಮಿಕ್ಕ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ತೆಗೆದು ಕೂಡಿಡುವುದು. ಗಾಳಿ ನಿಂತಾಗ ಅದರಿಂದಲೇ ಮತ್ತೆ ದೀಪ ಉರಿಸುವುದು. ಹತ್ತು ಮನೆಗಳಿಗೆ ಹೀಗೆ ವಿದ್ಯುತ್ತು ಕೊಟ್ಟರು. ಕೆಲವು ವರ್ಷ ನಡೆದು ನಿಂತಿತು: ಕೆಲಸವೇನೋ ಆಗುತ್ತದೆ, ಖರ್ಚು ಹೆಚ್ಚು.

ಈಗ ದೊಡ್ಡವರ ಕಣ್ಣು ಅದೇ ಗಾಳಿಯ ಮೇಲೆ. 2020ರಲ್ಲಿ ನಾರ್ವೆ ಸರಕಾರ ದ್ವೀಪದ ಪಶ್ಚಿಮದ ಕಡಲನ್ನು, ‘ಉತ್ಸಿರಾ ನೂರ್’ ಎಂಬ ಹೆಸರಿನಿಂದಲೇ, ತೇಲುವ ಗಾಳಿಯಂತ್ರಗಳಿಗಾಗಿ ತೆರೆಯಿತು. ಯೋಜನೆಯ ಲೆಕ್ಕ 1,500 ಮೆಗಾವಾಟ್. ಹತ್ತು ಮನೆಯ ದೀಪವೆಲ್ಲಿ, ಇದೆಲ್ಲಿ! ಹೆಸರು ದ್ವೀಪದ್ದು, ಬಂಡವಾಳ ಹೊರಗಿನದು. ವಿದ್ಯುತ್ತು ಯಾವ ದಡಕ್ಕೆ ಹರಿಯಬೇಕು, ಮೀನುಗಾರನ ಬಲೆಗೆ ಎಷ್ಟು ಜಾಗ ಬಿಡಬೇಕು, ದುರಸ್ತಿಯ ಕೆಲಸದಲ್ಲಿ ಊರ ಹುಡುಗರಿಗೆ ಎಷ್ಟು ಪಾಲು—ಈ ಚೌಕಾಶಿಗೆ ಕೂರುವಾಗ ದ್ವೀಪದವರ ಕೈಯಲ್ಲಿ ಸ್ವಂತ ಪುರಸಭೆಯ ಮೊಹರಾದರೂ ಇದೆ. 1924ರಲ್ಲಿ ಬೇರೆಯಾಗದಿದ್ದರೆ ಅದೂ ಇರುತ್ತಿರಲಿಲ್ಲ.

ಚಹ ಬಂದಿತೆಂದು ಕಾಣುತ್ತದೆ. ಹಿಂದಿನ ಸಾಲಿನ ತಾಯಂದಿರು ಮೊದಲು ಪ್ರಶ್ನೆ ಕೇಳಲಿ. ಆ ಒಬ್ಬ ಗಂಡಸಿನ ಸರದಿ ಆಮೇಲೆ.